ಒಂದು ಬಡಿತ ಅಂದರೆ ಆರಾಮ

ಬಳ್ಳಾರಿಯ ಕೊನೇ ಬಸ್ಸು ಕುರುಗೋಡಿನಲ್ಲಿ ಇಬ್ಬರು ಹೆಂಗಸರನ್ನು ಇಳಿಸಿ, ಕೆಮ್ಮುತ್ತಾ ಮುಂದೆ ಹೋಯಿತು. ಒಬ್ಬಾಕೆ ಅಕ್ಕನಾಗಮ್ಮ, ಇನ್ನೊಬ್ಬಾಕೆ ಅವಳ ಸೊಸೆ ಎರ್ರಮ್ಮ. ಅಕ್ಕನಾಗಮ್ಮ ಬೇರೆ ಯಾರೋ ಅಲ್ಲ. ನಮ್ಮ ಚಿಕ್ಕಮ್ಮನ ಓರಗಿತ್ತಿ. ಎರಡೂ ಮನೆಗೆ ಗೋಡೆ ಒಂದೇ. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಹಾಗಾಗಿ ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಊರಿಗೆ ಕರೆಂಟು ಬಂದಿತ್ತು, ಬಂದಷ್ಟೇ ಸಲ ಹೋಗುತ್ತಲೂ ಇತ್ತು. ಆವತ್ತೂ ಹೋಗಿತ್ತು. ಬಸ್ಸು ನಿಲ್ಲುವಲ್ಲಿಂದ ಮನೆಗೆ ಆಲದ ಮರ ದಾಟಿ, ಹಾಳುಬಾವಿ ಬಳಸಿಕೊಂಡು ಹೋಗಬೇಕು. ದೆವ್ವ ಅಂದರೆ ಬಿಳಿ ಸೀರೆ ಉಟ್ಟು ಬಿಳಲಿಗೆ ಜೋತುಬಿದ್ದಿರುತ್ತದೆ ಅಂತ ನಂಬಿದವರು ಅಲ್ಲಿ ಹೆಜ್ಜೆ ಚುರುಕು ಮಾಡುತ್ತಾರೆ. ಅಕ್ಕನಾಗಮ್ಮ ಅಂಥವಳಲ್ಲ. ಹಾವು ಕಂಡರೆ ಚಪ್ಪಲಿ ಬಿಚ್ಚಿಕೊಂಡು ಹೊಡೆಯಲು ಹೋಗುವ ಹೆಂಗಸು. ಆವತ್ತು ಬಳ್ಳಾರಿಯಲ್ಲಿ ಪೊಲೀಸರ ಮುಂದೆ ಕೂತು ಒಂದು ಮಾತು ಹೇಳಿ ಬಂದಿದ್ದಳು. ಆ ಮಾತಿನ ಭಾರ ಅವಳ ತಲೆಯ ಮೇಲಿರಲಿಲ್ಲ. ಹಿಂದೆ ಬರುತ್ತಿದ್ದ ಸೊಸೆಯ ತಲೆಯ ಮೇಲಿತ್ತು.

ಬಾವಿ ಹತ್ತಿರ ಬಂತು...

ಠಕ್.

ಅಕ್ಕನಾಗಮ್ಮ ನಿಂತಳು.

ಠಕ್... ಠಕ್ ಠಕ್ ಠಕ್ ಠಕ್.

ಕಲ್ಲು ನೀರಿಗೆ ಬಿದ್ದದ್ದಲ್ಲ. ಬಾವಿಯಲ್ಲಿ ನೀರು ಬತ್ತಿ ಎಷ್ಟೋ ಕಾಲವಾಗಿತ್ತು. ಬೆರಳ ಗೆಣ್ಣು ಮಡಚಿ ಕಬ್ಬಿಣಕ್ಕೆ ಬಡಿದ ಸಪ್ಪಳ. ಅದೂ ಒಳಗಿನಿಂದ. ಹೊರಗಿನಿಂದ ಬಡಿದರೆ ಠಣ್ ಅನ್ನುತ್ತದೆ. ಒಳಗಿನಿಂದ ಬಡಿದರೆ ಠಕ್. ಈ ಎರಡರ ವ್ಯತ್ಯಾಸ ಆ ಊರಿನಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಆ ಇಬ್ಬರೂ ಅಲ್ಲೇ ನಿಂತಿದ್ದರು.

“ಕೇಳ್ತೇನ?” ಅಕ್ಕನಾಗಮ್ಮ ಪಿಸುಗುಟ್ಟಿದಳು.

“ಏನ್ರಿ ಅತ್ತಿ?”

“ಬಡಿಯೂದು...”

“ನನಗೇನೂ ಕೇಳ್ಲಿಲ್ರಿ.”

“ಸುಳ್ಳ ಹೇಳಬ್ಯಾಡ ಲೇ.”

“ಇವತ್ತು ಸುಳ್ಳು ಹೇಳಿದಾಕಿ ನಾನಲ್ರಿ,” ಅಂದಳು ಎರ್ರಮ್ಮ, ಅಷ್ಟೇ ಮೆಲ್ಲಗೆ. ಅತ್ತೆಯನ್ನು ದಾಟಿ ಮುಂದೆ ನಡೆದಳು.

ಆ ಸುಳ್ಳು ಏನು ಅನ್ನುವುದನ್ನು ಹೇಳಬೇಕಾದರೆ ಸಿರುಗುಪ್ಪೆಗೆ ಹೋಗಬೇಕು.

ಅಕ್ಕನಾಗಮ್ಮನ ಒಬ್ಬನೇ ಮಗ ಕೊಟ್ರಬಸಪ್ಪ ಸಿರುಗುಪ್ಪೆಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ನಗುಮುಖದ ಹುಡುಗ. ಮದುವೆಯಾಗಿ ಇನ್ನೂ ಹೊಸದು. ಒಂದು ಮಧ್ಯಾಹ್ನ ಗಿರಣಿಯ ಬೆಲ್ಟು ಅವನ ಬಲಗಾಲನ್ನು ಎಳೆದುಕೊಂಡಿತು. ಮೂಳೆ ಕೂಡಿಸಿದರು, ಹೊಲಿದರು, ಕಟ್ಟಿದರು. ಗಾಯ ಮಾತ್ರ ಕರ್ರಗಾಗುತ್ತಾ ಹೋಯಿತು. ವಾಸನೆ ಹಿಡಿಯಿತು. ಎತ್ತಿಕೊಂಡು ಬಳ್ಳಾರಿಗೆ ತಂದರು.

ಬಳ್ಳಾರಿಯಲ್ಲಿ ಒಬ್ಬ ಡಾಕ್ಟರು ಬೊಂಬಾಯಿಯಲ್ಲಿ ಓದಿ ಬಂದು ನರ್ಸಿಂಗ್ ಹೋಮ್ ಹಾಕಿದ್ದರು. ಸಮುದ್ರದಲ್ಲಿ ಮುಳುಗಿ ಹಡಗು ರಿಪೇರಿ ಮಾಡುವವರಿಗೆ ಅಂತ ಇದ್ದ ಒಂದು ಕಬ್ಬಿಣದ ಕೊಳವೆಯನ್ನು ಅಲ್ಲಿಂದಲೇ ಹಳೇದನ್ನೇ ಕೊಂಡು, ಲಾರಿಯಲ್ಲಿ ತರಿಸಿದ್ದರು. ಒಬ್ಬ ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗ. ಮುಖದ ನೇರಕ್ಕೆ ದಪ್ಪ ಗಾಜಿನ ದುಂಡು ಕಿಟಕಿ. ಅದರೊಳಗೆ ಮಲಗಿಸಿ, ಬಾಗಿಲು ಬಿಗಿದು, ಆಮ್ಲಜನಕವನ್ನು ಒತ್ತಿ ಒತ್ತಿ ತುಂಬುವುದು. ಜನ ಅದನ್ನು ಗಾಳಿಪೆಟ್ಟಿಗೆ ಅಂದರು.

“ರಕ್ತ ಮುಟ್ಟದ ಕಡೆಗೂ ಈ ಗಾಳಿ ಮುಟ್ಟುತ್ತಮ್ಮಾ,” ಅಂದರು ಡಾಕ್ಟರು. “ಮೊದಲು ಕೆಲವು ದಿನ ಇದರಲ್ಲಿ ಮಲಗಿಸೋಣ. ಬದುಕೋ ಮಾಂಸ ಬದುಕಲಿ, ಸತ್ತದ್ದು ಬೇರೆಯಾಗಿ ಕಾಣಲಿ. ಆಮೇಲೆ ಆಪರೇಷನ್. ಆಪರೇಷನ್ ಆದಮೇಲೆ ಮತ್ತೆ ಇದೇ, ಹಚ್ಚಿದ ಚರ್ಮ ಹಿಡಿದುಕೊಳ್ಳೋವರೆಗೂ. ನಡುವೆ ಬಿಟ್ಟರೆ ಕಾಲು ಉಳಿಯಲ್ಲ.”

ಪೆಟ್ಟಿಗೆ ನೋಡಿಕೊಳ್ಳುವವನು ದುರುಗಣ್ಣ. ವಾಲ್ವು ತಿರುವುವುದು, ಒತ್ತಡ ತೋರಿಸುವ ಮುಳ್ಳು ನೋಡುವುದು, ಬೈಯುವುದು, ಮೂರೂ ಅವನ ಕೆಲಸ.

“ಒಳಗ ಎಣ್ಣಿ ಹೋಗಬಾರ್ದು, ಉಣ್ಣಿ ಹೋಗಬಾರ್ದು, ನೈಲಾನು ಹೋಗಬಾರ್ದು, ಬೀಡಿ ಕಡ್ಡಿಪೆಟ್ಟಿಗಿ ಅಂತೂ ಹೆಸರೇ ಎತ್ತಬ್ಯಾಡ್ರಿ. ಬರೇ ಹತ್ತಿ ಅರಬಿ. ಈ ಗಾಳ್ಯಾಗ ಸಣ್ಣ ಕಿಡಿ ಬಿದ್ರೂ ಆರಸಾಕ ಯಾರ ಅಪ್ಪನ ಕೈಲೂ ಆಗಂಗಿಲ್ಲ.”

ಬೆಳ್ಳಿ ಉಡದಾರ ಕತ್ತರಿಸಿದರು. ಕೊರಳ ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು, ಒಗೆದ ಬಿಳೀ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿದರು. ತಲೆಯನ್ನು ದಿನಾ ಸೀಗೆಕಾಯಿ ಹಾಕಿ ತೊಳೆಯಬೇಕು. ಅದು ಎರ್ರಮ್ಮನ ಪಾಲಿಗೆ ಬಂತು.

ಬಡಿಯುವ ಲೆಕ್ಕವನ್ನೂ ದುರುಗಣ್ಣನೇ ಕಲಿಸಿದ. ಹೊರಗಿನಿಂದ ಅವನು ಒಂದು ಸಲ ಬಡಿದರೆ, ‘ಆರಾಮ, ಸುಮ್ನ ಮಲಕ್ಕೊ’ ಅಂತ. ಒಳಗಿನಿಂದ ಒಂದು ಸಲ ಬಡಿದರೆ, ‘ಆರಾಮ ಅದೀನಿ’ ಅಂತ. ಬಿಡದೆ ಬಡಿದರೆ, ‘ತೆಗೀರಿ’ ಅಂತ.

ಮೊದಲ ದಿನ ಒಳಗೆ ಸರಿಸುವಾಗ ಕೊಟ್ರಬಸಪ್ಪ ನಕ್ಕ. “ಯವ್ವಾ, ಇದು ನಮ್ಮ ಹಗೇವಿನಂಗ ಐತಲ್ಲ. ನನ್ನ ಜ್ವಾಳ ಮಾಡಿ ಇಡಾಕತ್ತಾರ ನೋಡು.”

ಹಗೇವು ಅಂದರೆ ಅಂಗಳದಲ್ಲಿ ಜೋಳ ತುಂಬಿಡುವ ನೆಲದ ಕುಣಿ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಒಳಗಿನ ಗಾಳಿ ಸತ್ತು ಹೋಗಿರುತ್ತದೆ. ತೆಗೆದ ಕೂಡಲೇ ಇಳಿದವರು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

“ಹಂಗಾರ ಇದಕ್ಕೂ ದೀಪ ಇಳಿಸಿ ನೋಡ್ರಿ ಮದ್ಲ,” ಅಂದಳು ಅಕ್ಕನಾಗಮ್ಮ.

“ಇದಕ್ಕ ದೀಪ ಇಳಿಸಿದ್ರ ಯಜಮಾನ್ತಿ,” ಅಂದ ದುರುಗಣ್ಣ, “ದೀಪಾನೂ ಇರಂಗಿಲ್ಲ, ನಾನೂ ಇರಂಗಿಲ್ಲ.”

ಎಲ್ಲರೂ ನಕ್ಕರು. ಕೊಟ್ರಬಸಪ್ಪ ಒಳಗಿನಿಂದ ಒಂದು ಸಲ ಬಡಿದ. ಠಕ್.

ಕಾಲು ಚೇತರಿಸಿಕೊಂಡಿತು. ಕರ್ರಗಿದ್ದದ್ದು ಅಂಚಿನಿಂದ ಕೆಂಪಾಗುತ್ತಾ ಬಂತು. ಆಪರೇಷನ್ ಆಯಿತು. ಎರಡು ಬೆರಳು ಹೋದವು, ಪಾದ ಉಳಿಯಿತು. ತೊಡೆಯ ಚರ್ಮ ತೆಗೆದು ಹಚ್ಚಿದರು. ಮತ್ತೆ ಪೆಟ್ಟಿಗೆ ಶುರುವಾಯಿತು.

ಇಷ್ಟರಲ್ಲಿ ಅತ್ತೆ-ಸೊಸೆಯರ ನಡುವೆ ಏನಾಗಿತ್ತು ಅಂದರೆ, ಎರ್ರಮ್ಮ ಪೆಟ್ಟಿಗೆಯ ವಿದ್ಯೆಯನ್ನೆಲ್ಲ ಕಲಿತುಬಿಟ್ಟಿದ್ದಳು. ಮುಳ್ಳು ಎಲ್ಲಿಗೆ ಬಂದರೆ ಕಿವಿ ಗಪ್ಪಾಗುತ್ತದೆ, ಆಗ ಹೇಗೆ ಉಗುಳು ನುಂಗಬೇಕು, ಎಲ್ಲವನ್ನೂ ಗಾಜಿನ ಹೊರಗಿನಿಂದ ಗಂಡನಿಗೆ ಸನ್ನೆ ಮಾಡಿ ಹೇಳುತ್ತಿದ್ದಳು. ಅವನು ಗಾಜಿನಾಚೆ ನೋಡುತ್ತಿದ್ದದ್ದು ಅವಳ ಮುಖವನ್ನೇ. ಅಕ್ಕನಾಗಮ್ಮ ಹಿಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಹೆತ್ತವಳಿಗೆ ಬೆಂಚು.

“ಹುಟ್ಟಿದಾಗಿಂದ ನೆತ್ತಿಗೆ ಹರಳೆಣ್ಣಿ ಬಡದು ಬೆಳೆಸಿದ ತಲಿ,” ಅನ್ನುತ್ತಿದ್ದಳು. “ಈಗ ನೋಡು, ಒಣಗಿದ ತೆಂಗಿನ ಜುಂಜಾಗೈತಿ. ಗಾಳಿ ತುಂಬೂವಾಗ ಒಳಗ ಉಷ್ಣ ಅಂತಾನ. ತೆಗೆಯೂವಾಗ ಗಡಗಡ ನಡುಗ್ತಾನ. ನೆತ್ತಿಗೆ ತಂಪಿಲ್ಲ, ಹೊಟ್ಟಿಗೆ ಬೆಚ್ಚಗಿಲ್ಲ. ಇದೆಂಥಾ ಬಾಣಂತನ?”

“ದುರುಗಣ್ಣ ಬ್ಯಾಡಂದಾನ್ರಿ ಅತ್ತಿ.”

“ದುರುಗಣ್ಣ ಹೆತ್ತಾನೇನ?”

ನಡುಗುತ್ತಿದ್ದದ್ದು ನಿಜ. ಒತ್ತಡ ಇಳಿಸುವಾಗ ಒಳಗೆ ಮಂಜು ಕಟ್ಟಿ ಗಾಜು ಬೆಳ್ಳಗಾಗುತ್ತಿತ್ತು. ಅದರ ಹಿಂದೆ ಮಗನ ಹಲ್ಲು ಕಟಕಟ ಅನ್ನುವುದು ಅವಳಿಗೆ ಕೇಳದಿದ್ದರೂ ಕಾಣುತ್ತಿತ್ತು. ಕಂಡು ಸುಮ್ಮನಿರುವ ತಾಯಿಯಲ್ಲ.

ಒಂದು ಬೆಳಿಗ್ಗೆ ದುರುಗಣ್ಣ, ಒಳಗೆ ಬೇಡದ್ದು ಏನೂ ಹೋಗದಂತೆ ದಿನಾ ಮೈ ತಡವಿ ನೋಡುವುದನ್ನು ಮುಗಿಸಿ ವಾಲ್ವಿನ ಕಡೆಗೆ ಹೋದ. ಎರ್ರಮ್ಮ ಚಹಾ ತರಲು ಹೋಗಿದ್ದಳು. ಅಕ್ಕನಾಗಮ್ಮ ಮಗನ ಹಣೆಗೆ ವಿಭೂತಿ ಹಚ್ಚಲು ಬಂದಳು. ದಿನಾ ಹಚ್ಚುತ್ತಿದ್ದಳು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆವತ್ತು ಒಂದು ಕೈಯಲ್ಲಿ ವಿಭೂತಿ ಇತ್ತು. ಇನ್ನೊಂದು ಅಂಗೈಯಲ್ಲಿ ಹರಳೆಣ್ಣೆ ಇತ್ತು. ನೆತ್ತಿಯ ಮೇಲೆ ತಟ್ಟಿದಳು, ತಟ್ ತಟ್ ತಟ್. ಮನೆಯ ಕರೀ ಕಂಬಳಿಯಿಂದ ಹರಿದು ತಂದಿದ್ದ ಪಟ್ಟಿಯೊಂದನ್ನು ಹೊದಿಕೆಯ ಒಳಗೆ ಅವನ ಹೊಟ್ಟೆಗೆ ಸುತ್ತಿದಳು.

“ಯವ್ವಾ, ಬ್ಯಾಡಬೇ...” ಅಂದ ಕೊಟ್ರಬಸಪ್ಪ.

“ಸುಮ್ನಿರು ತಮ್ಮಾ. ಯಾರಿಗೂ ಹೇಳಬ್ಯಾಡ.”

ಅವನು ಹೇಳಲಿಲ್ಲ. ತಾಯಿಯ ಮಾತು ಮೀರಿದವನಲ್ಲ.

ಬಾಗಿಲು ಬಿಗಿಯಿತು. ಸುಸ್ಸ್... ಅಂತ ಗಾಳಿ ತುಂಬಿತು. ದುರುಗಣ್ಣ ಒಂದು ಬಡಿದ. ಠಣ್. ಒಳಗಿನಿಂದ ಒಂದು ಬಂತು. ಠಕ್. ಅಕ್ಕನಾಗಮ್ಮ ಆವತ್ತು ಬೆಂಚಿನ ಮೇಲೆ ಕೂರಲಿಲ್ಲ. ಗಾಜಿನ ಮುಂದೆ ನಿಂತಳು. ಮಗ ಬೆಚ್ಚಗಿರುವುದನ್ನು ನೋಡಬೇಕಿತ್ತು ಅವಳಿಗೆ.

ಕಂಬಳಿ ಹೊದ್ದವರಿಗೆಲ್ಲ ಗೊತ್ತು. ಚಳಿಗಾಲದ ಕತ್ತಲಲ್ಲಿ ಮಗ್ಗುಲು ಬದಲಿಸಿದರೆ ಉಣ್ಣೆ ಚಿಟಿ ಚಿಟಿ ಅಂತ ಸಣ್ಣ ಕಿಡಿ ಕೊಡುತ್ತದೆ. ಮನೆಯಲ್ಲಿ ಮಕ್ಕಳು ಅದನ್ನು ನೋಡಿ ನಗುತ್ತಾರೆ. ಆ ಗಾಳಿಯಲ್ಲಿ ಕೊಟ್ರಬಸಪ್ಪ ಮಗ್ಗುಲು ಬದಲಿಸಿದ.

ಚಿಟಿ...

ಗಾಜಿನಲ್ಲಿ ಹೊತ್ತು ಹುಟ್ಟಿದಂತಾಯಿತು. ಬೆಂಕಿ ಕೆಂಪಗಿರಲಿಲ್ಲ, ಬೆಳ್ಳಗಿತ್ತು. ಠಕ್ ಠಕ್ ಠಕ್ ಠಕ್... ದುರುಗಣ್ಣ ವಾಲ್ವಿಗೆ ಜೋತುಬಿದ್ದ. ಒಳಗಿನ ಒತ್ತಡ ಇಳಿಯುವವರೆಗೂ ಆ ಬಾಗಿಲನ್ನು ಆನೆ ಕಟ್ಟಿ ಎಳೆದರೂ ತೆರೆಯುವುದಿಲ್ಲ. ಗಾಳಿ ಸುಸ್ಸೆಂದು ಇಳಿಯುತ್ತಲೇ ಇತ್ತು. ಅದು ಇಳಿದು ಮುಗಿಯುವ ಮೊದಲೇ ಬಡಿತ ನಿಂತಿತು.

ಎರ್ರಮ್ಮ ಚಹಾದ ಲೋಟ ಕೈಬಿಟ್ಟು ಓಡಿ ಬಂದಳು. ಅಕ್ಕನಾಗಮ್ಮ ಅವಳನ್ನು ತಬ್ಬಿಕೊಂಡು ಬೋರಾಡಿ ಅತ್ತಳು. ಅಳುತ್ತಾ ಅಳುತ್ತಾ ಅವಳ ಬಲಗೈ ಸೊಸೆಯ ಸೆರಗನ್ನು ಹಿಡಿದುಕೊಂಡಿತು, ಹಿಂಡಿತು, ಒರೆಸಿಕೊಂಡಿತು. ಬೇಕಂತಲೇ ಮಾಡಿದಳೋ, ಕೈ ತಾನೇ ಮಾಡಿತೋ... ಆ ಹೊತ್ತಿಗೆ ಅವಳಿಗೂ ಗೊತ್ತಿರಲಿಲ್ಲ.

ಪೊಲೀಸರ ಮುಂದೆ ಮಾತ್ರ ಗೊತ್ತಿತ್ತು.

“ತಲಿ ತೊಳಿಯಾಕಿ ಅಕೀನ. ಎಣ್ಣಿ ಹಚ್ಚಿದಾಕೀನೂ ಅಕೀನ. ಕಂಬಳಿ ಇಟ್ಟಾಕೀನೂ ಅಕೀನ,” ಅಂದಳು. “ನನ್ನ ಮಾತ್ಯಾಕ್ರಿ, ಅಕಿ ಸೆರಗು ಮೂಸಿ ನೋಡ್ರಿ.”

ಮೂಸಿ ನೋಡಿದರು. ಹರಳೆಣ್ಣೆ. ತಿಳಿಯದೆ ಮಾಡಿದ್ದು ಅಂತ ಬರೆದುಕೊಂಡು ಪೊಲೀಸರು ಬಿಟ್ಟರು. ಊರು ಬಿಡಲಿಲ್ಲ. ನಾವು ಸತ್ತವರನ್ನು ಸುಡುವ ಜನ ಅಲ್ಲ. ಕೂರಿಸಿ, ಮಣ್ಣಿಗೆ ಕೊಡುವ ಜನ. ಕೊಟ್ರಬಸಪ್ಪನನ್ನು ಕೂರಿಸಲು ಬರಲಿಲ್ಲ, ಮೈ ಹಾಗೆ ಬಿಗಿದುಕೊಂಡಿತ್ತು. ಅದೊಂದು ಸಾಕಾಯಿತು ಊರಿನ ಬಾಯಿಗೆ. ಗಂಡನನ್ನು ಜೀವಂತ ಸುಟ್ಟವಳು ಅನ್ನುವ ಹೆಸರು ಎರ್ರಮ್ಮನಿಗೆ ಬಿತ್ತು. ಅವಳ ಕೈಯಿಂದ ಯಾರೂ ನೀರು ಈಸಿಕೊಳ್ಳಲಿಲ್ಲ.

ಬಾವಿಯ ಹತ್ತಿರ ಕೇಳಿದ ಸಪ್ಪಳ, ಅವರು ಬಸ್ಸಿಳಿದು ಬಂದ ಆ ರಾತ್ರಿಯೇ ಮನೆಯೊಳಗೂ ಬಂತು.

ಮೊದಲು ಟ್ರಂಕಿನಲ್ಲಿ. ಠಕ್ ಠಕ್ ಠಕ್. ಅಕ್ಕನಾಗಮ್ಮ ಎದ್ದು ಮುಚ್ಚಳ ತೆಗೆದಳು. ಮಡಚಿಟ್ಟ ಸೀರೆಗಳು. ಕೈ ಇಟ್ಟರೆ ಬೆಚ್ಚಗಿದ್ದವು, ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ. ತೆಗೆದ ಕೂಡಲೇ ಬಡಿತ ನಿಂತಿತು. ಮುಂದೆ ನೀರಿನ ಹಂಡೆಯಲ್ಲಿ. ಮತ್ತೊಂದು ರಾತ್ರಿ ಮಗನ ಸಾಮಾನಿನ ಪೆಟ್ಟಿಗೆಯಲ್ಲಿ. ಮುಚ್ಚಿದ್ದರಲ್ಲೆಲ್ಲ ಬಡಿಯುವುದು, ತೆಗೆದರೆ ಸುಮ್ಮನಾಗುವುದು. ಕೊನೆಗೆ ಅವಳು ಮನೆಯಲ್ಲಿ ಯಾವುದಕ್ಕೂ ಮುಚ್ಚಳವೇ ಇಡಲಿಲ್ಲ. ಇಲಿಗಳಿಗೆ ಹಬ್ಬವಾಯಿತು.

“ಏನು ತೆಗೀಬೇಕ್ಲೇ ಅವಗ?” ಒಂದು ರಾತ್ರಿ ಸೊಸೆಯನ್ನು ಕೇಳಿದಳು. ಅವಳ ಮುಂದಲ್ಲದೆ ಬೇರೆ ಯಾರ ಮುಂದೂ ಕೇಳುವ ಹಾಗಿರಲಿಲ್ಲ.

“ನಿಮ್ಮ ಬಾಯಿ ತೆಗದು ನೋಡ್ರಿ ಅತ್ತಿ,” ಅಂದಳು ಎರ್ರಮ್ಮ. “ಅದೊಂದ ಮುಚ್ಚೈತಿ ಮನ್ಯಾಗ.”

ಆವತ್ತಿನಿಂದ ಅಕ್ಕನಾಗಮ್ಮ ಸೊಸೆಗೆ ಕಂಬಳಿ ಕೊಡಲಿಲ್ಲ. ಪುಷ್ಯಮಾಸದ ಚಳಿ. “ಗಂಡನ್ನ ಬೇಯಿಸಿದಾಕಿಗೆ ಬೆಚ್ಚಗ್ಯಾಕ ಬೇಕು?” ಅಂದಳು. ಎರ್ರಮ್ಮ ಅಂಗಳದ ಜಗಲಿಯ ಬರೀ ಕಲ್ಲಿನ ಮೇಲೆ ಮುದುಡಿ ಮಲಗುತ್ತಿದ್ದಳು. ನಮ್ಮ ಚಿಕ್ಕಮ್ಮ ಗೋಡೆಯ ಮೇಲಿಂದ ಒಂದು ದುಪ್ಪಟಿ ಎಸೆದರೆ, ಬೆಳಗಾಗುವಷ್ಟರಲ್ಲಿ ಅದು ಒಲೆಯ ಬೂದಿಯಾಗಿರುತ್ತಿತ್ತು. ಹೇಳುತ್ತಾ ಹೇಳುತ್ತಾ ಸುಳ್ಳು ಅಕ್ಕನಾಗಮ್ಮನಿಗೆ ಒಗ್ಗಿಹೋಗಿತ್ತು. ಸೊಸೆ ಬಟ್ಟಲು ಹಿಡಿದು ಎಣ್ಣೆ ಹಚ್ಚುವುದನ್ನು ಕಣ್ಣಾರೆ ಕಂಡವಳ ಹಾಗೆ ವರ್ಣಿಸುತ್ತಿದ್ದಳು. ಬಡಿತ ಶುರುವಾದಾಗ ಮಾತ್ರ ಬಲ ಅಂಗೈ ಜಿಡ್ಡು ಜಿಡ್ಡು ಅನ್ನಿಸುತ್ತಿತ್ತು. ಬೂದಿ ಹಾಕಿ ತಿಕ್ಕುತ್ತಿದ್ದಳು.

ನಮ್ಮ ಚಿಕ್ಕಪ್ಪ ದೊಡ್ಡಬಸಪ್ಪ ಆ ಮನೆಗೂ ಹಿರಿಯ. ನಾಲ್ಕು ಜನರನ್ನು ಕೂಡಿಸಿ ತೀರ್ಮಾನ ಮಾಡಿದ.

“ಎರ್ರಮ್ಮಾ, ನಿಮ್ಮಣ್ಣಗ ಹೇಳಿ ಕಳಿಸೀವಿ. ನಾಳಿ ಸಿರಿಗೇರಿಯಿಂದ ಬರ್ತಾನ. ನೀನು ಹೊಂಡು. ಈ ಮನಿ ಋಣ ತೀರ್ತು.”

“ಹೋಗ್ತೀನ್ರಿ ಮಾವಾರ,” ಅಂದಳು ಎರ್ರಮ್ಮ. “ಆದ್ರ ಈ ಹೆಸರು ಹೊತ್ಕೊಂಡು ಹೋದ್ರ ಅಲ್ಲೀ ಬಾಗಿಲಾನೂ ಮುಚ್ತೈತಿ. ಅತ್ತಿ ಒಂದ ಮಾತು ಖರೇ ಹೇಳಲಿ, ನಾ ಈಗ ಹೊಂಡ್ತೀನಿ.”

ಎಲ್ಲರೂ ಅಕ್ಕನಾಗಮ್ಮನ ಕಡೆ ನೋಡಿದರು.

“ನಾ ಏನು ಹೇಳಲಿ? ಅಕಿ ಸೆರಗ ಹೇಳೈತಲ್ಲ,” ಅಂದಳು ಅಕ್ಕನಾಗಮ್ಮ.

ಆ ರಾತ್ರಿ ಮನೆ ಸುಮ್ಮನಿತ್ತು. ಸದ್ಯ, ಸೊಸೆಯ ಜೊತೆಗೆ ಇದೂ ಹೊರಟಿತು ಅಂದುಕೊಂಡು ಅಕ್ಕನಾಗಮ್ಮ ಕಂಬಳಿ ಎಳೆದುಕೊಂಡಳು. ಕಣ್ಣು ಹತ್ತುವ ಹೊತ್ತಿಗೆ...

ಠಕ್.

ಮನೆಯಲ್ಲಲ್ಲ. ಅಂಗಳದಲ್ಲಿ. ನೆಲದ ಕೆಳಗೆ.

ಠಕ್ ಠಕ್ ಠಕ್ ಠಕ್ ಠಕ್...

ಹಗೇವು. ಅದೊಂದನ್ನು ಮರೆತಿದ್ದಳು. ಅದೊಂದೇ ಮುಚ್ಚಿತ್ತು.

ಕಂಬಳಿ ಹೊದ್ದುಕೊಂಡೇ ಹೊರಗೆ ಬಂದಳು. ಎರ್ರಮ್ಮ ಜಗಲಿಯ ಮೇಲೆ ಕೂತಿದ್ದಳು, ಮೊದಲೇ ಎದ್ದವಳ ಹಾಗೆ.

“ಏಳು. ಚಪ್ಪಡಿ ತೆಗಿಯೂಣು.”

“ಈ ಹೊತ್ತಿನ್ಯಾಗಾ?”

“ನನ್ನ ಮಗ ಬಡಿಯಾಕತ್ತಾನ!”

ಹಾರೆ ತಂದರು. ಸುತ್ತಲಿನ ಮಣ್ಣು ಒಡೆದರು. ಒಬ್ಬಳು ಮೀಟಿ, ಇನ್ನೊಬ್ಬಳು ಎಳೆದು, ಉಸ್ಸು ಬುಸ್ಸು ಅನ್ನುತ್ತಾ ಚಪ್ಪಡಿ ಸರಿಸಿದರು. ಗರ್ರ್ರ್... ಒಳಗಿನಿಂದ ಮುಗ್ಗಲು ವಾಸನೆ ಎದ್ದಿತು. ಬಡಿತ ನಿಲ್ಲಲಿಲ್ಲ.

“ಇಳಿ,” ಅಂದಳು ಅಕ್ಕನಾಗಮ್ಮ.

“ಮದ್ಲ ಕಂದೀಲು ಇಳಿಸೂಣ್ರಿ ಅತ್ತಿ.”

“ಇಳಿ ಅಂದೆ.”

“ಕಂದೀಲು ಇಳೀದ ನಾ ಇಳಿಯಂಗಿಲ್ಲ.”

ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಹೋದ ಸುಗ್ಗಿಯಿಂದ ಮುಚ್ಚಿದ ಹಗೇವು. ಬಾಯಿ ದಾಟುತ್ತಲೇ ದೀಪ ಕುಗ್ಗಿ ಆರಬೇಕು. ಹುಟ್ಟಿದಾಗಿನಿಂದ ಇಬ್ಬರೂ ಕಂಡದ್ದು ಅದನ್ನೇ. ಕುಗ್ಗಲಿಲ್ಲ. ಇಳಿದಂತೆಲ್ಲ ಉದ್ದಕ್ಕೆ ಎದ್ದಿತು. ಹಳದಿ ಹೋಗಿ ಬೆಳ್ಳಗಾಯಿತು. ಜೋಳದ ಒಂದೊಂದು ಕಾಳೂ ಹೊಳೆಯಿತು. ಚಟ್... ಕಂದೀಲಿನ ಗಾಜು ಸೀಳಿತು.

ಅಂಥಾ ಬಿಳೀ ಬೆಂಕಿಯನ್ನು ಅಕ್ಕನಾಗಮ್ಮ ಒಂದೇ ಸಲ ನೋಡಿದ್ದಳು.

“ಗಾಳಿ ಐತಲ್ಲ. ಈಗ ಇಳಿ.”

ಎರ್ರಮ್ಮ ಸೆರಗು ಸಿಕ್ಕಿಸಿ ಏಣಿ ಇಳಿದಳು. ಬಡಿತ ನಿಂತಿತು. ಮೇಲೆ ಅಕ್ಕನಾಗಮ್ಮ ಒಬ್ಬಳೇ. ಕೆಳಗೆ ಪಿಸುಪಿಸು... ಒಬ್ಬರ ದನಿಯೋ, ಇಬ್ಬರದೋ. ಅವಳು ಬಗ್ಗಿ ಎರಡೂ ಕೈಯನ್ನು ಚಪ್ಪಡಿಗೆ ಹಚ್ಚಿದಳು. ನಾಳೆ ಅಣ್ಣ ಬಂದು ಕರೆದುಕೊಂಡು ಹೋಗುವ ಗೋಜೇ ಬೇಡ. ಗಂಡನ ಕೊರಗಿನಲ್ಲಿ ಇಳಿದಳು, ಬರಲಿಲ್ಲ. ಊರು ನಂಬುತ್ತದೆ. ನೂಕಿದಳು. ಕಲ್ಲು ಅಲುಗಲಿಲ್ಲ. ಒಬ್ಬಳ ಕೈಯಲ್ಲಿ ಆಗುವ ಮಾತಲ್ಲ ಅಂತ ಅವಳಿಗೆ ಆಗ ತಿಳಿಯಿತು.

ಎರ್ರಮ್ಮ ಮೇಲೆ ಬಂದಳು. ಬೆವರಿಲ್ಲ, ಏದುಸಿರಿಲ್ಲ. ಅತ್ತೆಯ ಕೈ ಕಲ್ಲಿನ ಮೇಲೆ ಇರುವುದನ್ನು ನೋಡಿದಳು.

“ಒಳಗ ಅದಾರ್ರಿ,” ಅಂದಳು.

“ಏನಂದ?”

“ಬಾಳ ಅನ್ಲಿಲ್ಲ. ನನ್ನ ಎರಡೂ ಅಂಗೈ ಹಿಡದು ಮೂಸಿ ನೋಡಿದ್ರು. ‘ನೀ ಅಲ್ಲ’ ಅಂದ್ರು.”

ಅಕ್ಕನಾಗಮ್ಮನಿಗೆ ಭಯಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಇತ್ತು. ಸತ್ತ ಮೇಲೂ ಇವಳ ಕೈಯನ್ನೇ ಮೊದಲು ಹಿಡಿದನಲ್ಲ.

“ಸರಿ ಆಚೀಗೆ. ನನ್ನ ಮಗ ನನಗೇನು ಮಾಡ್ತಾನ?”

ಇಳಿದಳು. ಕಾಲು ಜೋಳದಲ್ಲಿ ಮೊಣಕಾಲವರೆಗೂ ಹೂತಿತು. “ತಮ್ಮಾ...” ಅಂದಳು. “ಕೊಟ್ರಾ...”

ಬಿಳೀ ದೀಪ ಅವಳ ಮುಖ ನೋಡಿತೋ ಅನ್ನುವಂತೆ ನೆಟ್ಟಗೆ ನಿಂತಿತು. ಆಮೇಲೆ ಯಾರೋ ಚಿವುಟಿದ ಹಾಗೆ ಆರಿತು.

ಕತ್ತಲು. ಮೈಮೇಲಿನ ಕಂಬಳಿ ತಾನಾಗಿ ಅಂದಿತು... ಚಿಟಿ. ಚಿಟಿ ಚಿಟಿ. ಸಣ್ಣ ನೀಲಿ ಕಿಡಿ. ಆ ಕಿಡಿಯ ಬೆಳಕಿನಲ್ಲಿ ಏನು ಕಂಡಳೋ. ಒಂದು ಕೈ ಬಂದು ಅವಳ ಬಲ ಅಂಗೈ ಹಿಡಿಯಿತು. ಮೂಸುವ ಸಪ್ಪಳ ಕೇಳಿತು, ಎಳೆದು ಎಳೆದು. 

ಯಾರೂ ಏನೂ ಅನ್ನಲಿಲ್ಲ.

ಮೇಲೆ ಗರ್ರ್ರ್... ಅಂತ ಕಲ್ಲು ಸರಿಯಿತು.

ಅವಳು ಏಣಿ ತಡಕಿ ಹತ್ತಿದಳು. ತಲೆ ಚಪ್ಪಡಿಗೆ ಬಡಿಯಿತು. ಗೆಣ್ಣು ಮಡಚಿ ಬಡಿದಳು, ಬಿಡದೆ ಬಡಿದಳು. ಎದೆ ಬಿಗಿಯುತ್ತಾ ಬಂತು. “ಎರ್ರಮ್ಮಾ! ತೆಗಿಯ ನಮ್ಮವ್ವಾ! ನಾನ ಹಚ್ಚಿದ್ದು! ಎಣ್ಣಿ ನಾನ ಹಚ್ಚಿದ್ದು, ಕಂಬಳೀನೂ ನಾನ ಇಟ್ಟಿದ್ದು! ನಾಳಿ ಎಲ್ಲಾರ ಮುಂದ ಹೇಳ್ತೀನಿ... ತೆಗಿ...”

ಮೇಲೆ ಯಾರೋ ಉಸಿರಾಡುವುದು ಕೇಳಿತು. ಆಮೇಲೆ ಹಾರೆಯ ತುದಿಯಿಂದ ಒಂದೇ ಒಂದು ಸಲ, ಮೆಲ್ಲಗೆ...

ಠಣ್.

ಆರಾಮ. ಸುಮ್ನ ಮಲಕ್ಕೊ.

ಬೆಳಿಗ್ಗೆ ಚಿಕ್ಕಪ್ಪ ಬಂದಾಗ ಎರ್ರಮ್ಮ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅತ್ತೆ ಎಲ್ಲಿ ಅಂದರೆ ಹಗೇವಿನ ಕಡೆ ಕೈ ತೋರಿಸಿದಳು. ಇಬ್ಬರು ಗಂಡಸರು ಸೇರಿ ಚಪ್ಪಡಿ ಸರಿಸಿದರು. ಅಕ್ಕನಾಗಮ್ಮ ಏಣಿಗೆ ಜೋತುಬಿದ್ದಿದ್ದಳು. ಮುಖ ನೇರಳೆಹಣ್ಣಾಗಿತ್ತು, ಜೀವ ಇತ್ತು. ಗೆಣ್ಣುಗಳಲ್ಲಿ ಚರ್ಮ ಇರಲಿಲ್ಲ.

“ಯಾರು ಮುಚ್ಚಿದ್ರು?” ಅಂದ ಚಿಕ್ಕಪ್ಪ.

“ಆ ಕಲ್ಲಿಗೆ ಇಬ್ರು ಬೇಕಲ್ರಿ ಮಾವಾರ,” ಅಂದಳು ಎರ್ರಮ್ಮ. “ಮ್ಯಾಲೆ ಇದ್ದಾಕಿ ನಾನೊಬ್ಬಾಕಿನ.”

ಗಂಡಸರು ಕಲ್ಲನ್ನು ನೋಡಿದರು, ಅವಳನ್ನು ನೋಡಿದರು. ಮೊಳೆಯ ಹಾಗೆ ತೆಳ್ಳಗಿದ್ದ ಹುಡುಗಿ.

ಬಳ್ಳಾರಿಗೆ ಒಯ್ದರು. ಅದೇ ಡಾಕ್ಟರು. ರೆಪ್ಪೆ ಎತ್ತಿ ನೋಡಿದರು, ಅಂಗಾಲು ಗೀರಿ ನೋಡಿದರು. “ಮಿದುಳಿಗೆ ಗಾಳಿ ಸಾಲದೆ ಹೋಗಿದೆ. ಜೀವಕ್ಕೇನೂ ಇಲ್ಲ. ಮಾತು ಬರಲ್ಲ. ಪೆಟ್ಟಿಗೆ ಇದ್ದಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು...” ಅಂದು ಕಿಟಕಿಯ ಆಚೆ ನೋಡಿದರು. ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಗಾಳಿಪೆಟ್ಟಿಗೆ ಮಸಿ ಹಿಡಿದ ಗಾಜಿನೊಂದಿಗೆ ಬಿದ್ದಿತ್ತು. ಅದರ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು.

ಅಣ್ಣ ಸಿರಿಗೇರಿಗೆ ಒಬ್ಬನೇ ವಾಪಸ್ ಹೋದ. ಮಾತಿಲ್ಲದ ಮುದುಕಿಯನ್ನು ನೋಡಿಕೊಳ್ಳುವವರು ಬೇಕಿತ್ತಲ್ಲ, ಎರ್ರಮ್ಮ ಉಳಿದಳು. ಸುಟ್ಟವಳು ಅಂದಿದ್ದ ಬಾಯಿಗಳೇ ಎಂಥಾ ಸೊಸಿ ನೋಡ್ರಿ, ಪುಣ್ಯ ಮಾಡ್ಯಾಳ ಅತ್ತಿ ಅಂದವು. ಅವಳ ಕೈಯ ನೀರು ಮತ್ತೆ ನಡೆಯಿತು. ಆದರೆ ಎಣ್ಣೆ ಹಚ್ಚಿದವಳು ಅವಳೇ ಅನ್ನುವುದನ್ನು ಯಾರೂ ಅಳಿಸಲಿಲ್ಲ. ಅಳಿಸಬೇಕಾದವಳು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅವಳು ನಿಜ ಹೇಳಿದ್ದು ಒಂದೇ ಸಲ, ಅದೂ ಕಲ್ಲಿನ ಕೆಳಗೆ.

ಆಮೇಲೆ ಅಕ್ಕನಾಗಮ್ಮ ಬಹಳ ವರ್ಷ ಬದುಕಿದಳು. ನಾನು ಊರೂರು ತಿರುಗಿ ಕುರುಗೋಡಿಗೆ ಹೋದಾಗಲೆಲ್ಲ ಚಿಕ್ಕಮ್ಮನ ಮನೆಯ ಗೋಡೆಯಾಚೆಯಿಂದ ಕೇಳುತ್ತಿತ್ತು. ಮುದುಕಿ ಗೆಣ್ಣು ಮಡಚಿ ಗೋಡೆಗೆ ಬಡಿಯುವುದು. ಠಕ್ ಠಕ್ ಠಕ್ ಠಕ್ ಠಕ್... ಅಡುಗೆಮನೆಯಿಂದ ಎರ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಸೌಟಿನಿಂದ ಹಿತ್ತಾಳೆಯ ಕೊಡಕ್ಕೆ ಒಂದು ಸಲ. ಠಣ್. ಆಮೇಲೆ ಆ ಮನೆಯಲ್ಲಿ ಸಪ್ಪಳವೇ ಇರುತ್ತಿರಲಿಲ್ಲ.

ಎಣ್ಣೆಯ ವಿಷಯ ಒಂದು ಉಳಿಯಿತು. ಆ ಮನೆಯೊಳಗೆ ಎರ್ರಮ್ಮ ಹರಳೆಣ್ಣೆ ತರಲೇ ಇಲ್ಲ. ದೀಪಕ್ಕೂ ತರಲಿಲ್ಲ, ತಲೆಗೂ ತರಲಿಲ್ಲ. ಅತ್ತೆಯ ತಲೆಯನ್ನು ಸಂಜೆ ಸೀಗೆಕಾಯಿ ಹಾಕಿ ತೊಳೆದು, ಒರೆಸಿ, ಒಣಗಿಸಿ ಮಲಗಿಸುತ್ತಿದ್ದಳು. ಚಿಕ್ಕಮ್ಮ ಎಷ್ಟೋ ಸಲ ಪಕ್ಕದಲ್ಲೇ ಕೂತು ನೋಡಿದ್ದಾಳೆ. ಬೆಳಿಗ್ಗೆ ಮುದುಕಿಯ ನೆತ್ತಿ ಒದ್ದೆಯಾಗಿರುತ್ತಿತ್ತು. ಅಂಗೈ ಅಗಲದಷ್ಟು ಜಾಗ, ಹಣೆಯ ಮೇಲೆ ಇಳಿಯುವಷ್ಟು ಹರಳೆಣ್ಣೆ.

ನೀವು ನಗಬಹುದು. ನಾನೂ ನಕ್ಕವಳೇ. ಒಂದು ಬೆಳಿಗ್ಗೆ ಹೋಗಿ ಆ ನೆತ್ತಿಯ ಮೇಲೆ ಕೈ ಇಟ್ಟೆ.

ಎಣ್ಣೆ ಬೆಚ್ಚಗಿತ್ತು.